ಎತ್ತಿ ಕುಡಿಯುತ್ತಿದ್ದವರು

ಓಡುವ ಬಸ್ಸಿನಲ್ಲಿ ನಿಂತುಕೊಂಡು, ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿದು, ಎದೆಯ ಮೇಲೆ ಒಂದು ಹನಿಯನ್ನೂ ಚೆಲ್ಲಿಕೊಳ್ಳದ ಮನುಷ್ಯರೆಂದರೆ ನಾನು ನೋಡಿದ್ದು ಅವರೊಬ್ಬರನ್ನೇ. ಅವರು ನಮ್ಮ ಬಸ್ಸಿನ ಕಂಡಕ್ಟರು, ನಾನು ಡ್ರೈವರು. ಹಾವೇರಿಯಿಂದ ಕಾಗಿನೆಲೆ ಮೇಲೆ ಬ್ಯಾಡಗಿ, ಬ್ಯಾಡಗಿಯಿಂದ ರಾಣೆಬೆನ್ನೂರು, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಎಷ್ಟೋ ವರ್ಷ ಇಷ್ಟೇ ನಮ್ಮ ಲೋಕವಾಗಿತ್ತು. ನನ್ನ ತಲೆಯ ಮೇಲಿನ ಕನ್ನಡಿಯಲ್ಲಿ ಅವರು ಕಾಣುತ್ತಿದ್ದರು. ಕಂಬಕ್ಕೆ ಸೊಂಟ ಆನಿಸಿ, ತಲೆ ಹಿಂದಕ್ಕೆ ಚೆಲ್ಲಿ, ಗೇಣು ಎತ್ತರದಿಂದ ನೀರು ಬಿಟ್ಟುಕೊಳ್ಳುವರು. ಗಂಟಲ ಗಂಟು ಏರುವುದು, ಇಳಿಯುವುದು. ನಾನು ಒಮ್ಮೊಮ್ಮೆ ಬೇಕೆಂದೇ ಬ್ರೇಕು ಒತ್ತುತ್ತಿದ್ದೆ. ಧಾರೆ ಮಾತ್ರ ತಪ್ಪುತ್ತಿರಲಿಲ್ಲ.

"ಪೈಲಟ್, ನಿನ್ನ ಬ್ರೇಕಿಗೆ ನಮ್ಮ ನೀರ ಚೆಲ್ಲೂದಿಲ್ಲೋ. ಬ್ಯಾರೆ ಏನರ ಹುಡುಕು" ಎಂದು ಹಿಂದಿನಿಂದ ಕೂಗುತ್ತಿದ್ದರು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ಕಡಿಮೆ. ಪೈಲಟ್ ಎಂದೇ ಕರೆಯುತ್ತಿದ್ದರು. ನಾನು ಅವರಿಗೆ ಅಣ್ಣಾ ಅನ್ನುತ್ತಿದ್ದೆ.

ಆ ಸ್ಟೀಲ್ ಬಾಟಲಿ ಅವರೊಬ್ಬರದಾಗಿರಲಿಲ್ಲ. ಬೇಸಿಗೆಯಲ್ಲಿ ಯಾರು ಕೇಳಿದರೂ ಕೊಡುತ್ತಿದ್ದರು. ಕೇಳಲು ಸಂಕೋಚಪಡುವವರಿಗೆ ತಾವೇ ಚಾಚುತ್ತಿದ್ದರು. ಒಮ್ಮೆ ಕಾಗಿನೆಲೆಯಲ್ಲಿ ಹತ್ತಿದ ಕೂಲಿಯ ಹೆಂಗಸೊಬ್ಬಳು ಒಣಗಿದ ತುಟಿ ಸವರಿಕೊಳ್ಳುತ್ತ ಬಾಟಲಿಯನ್ನೇ ನೋಡುತ್ತಿದ್ದಳು. ಇವರು ಕೊಡಹೋದರೆ ಹಿಂದೆ ಸರಿದಳು.

"ಬ್ಯಾಡ್ರೀ ಯಪ್ಪಾ. ನಿಮ್ಮ ಬಾಟ್ಲಿ ಅದು."

"ಬಾಟ್ಲಿ ನಂದು, ನೀರು ತುಂಗಭದ್ರಿದು. ಎತ್ತಿ ಕುಡಿ ತಾಯಿ. ಎತ್ತಿ ಕುಡಿದ್ರ ನಿಂದು ನನಗ ಹತ್ತೂದಿಲ್ಲ, ನಂದು ನಿನಗ ಹತ್ತೂದಿಲ್ಲ."

ಮುಂದಿನ ಸೀಟಿನಲ್ಲಿದ್ದ ಅಂಗಡಿಕಾರರೊಬ್ಬರಿಗೆ ಅದು ಸರಿಬರಲಿಲ್ಲ. "ಎಲ್ಲಾರಿಗೂ ಒಂದ ಬಾಟ್ಲೇನ್ರಿ, ಕಂಡಕ್ಟರ್?" ಎಂದು ಹುಬ್ಬು ಏರಿಸಿದರು.

"ಎಲ್ಲಾರಿಗೂ ಒಂದ ಬಸ್ಸು ಐತಲ್ರಿ ಸಾವಕಾರ್ರ. ಇಳದು ಬ್ಯಾರೆ ಹಿಡೀತೀರೇನು?" ಎಂದು ಇವರು ಟಿಕೆಟ್ ಹರಿಯುತ್ತ ಮುಂದೆ ಹೋದರು. ಬಸ್ಸೆಲ್ಲ ನಕ್ಕಿತು. ಅಂಗಡಿಕಾರರೂ ಕಡೆಗೆ ನಕ್ಕರು.

ಅವರ ಅಂಗಿಯ ವಿಷಯವನ್ನೂ ಹೇಳಬೇಕು. ಖಾಕಿ ಅಂಗಿಗೆ ದಿನಾಲೂ ಗಂಜಿ, ಇಸ್ತ್ರಿ. ವೈನಿಗೆ, ಅಂದರೆ ಅವರ ಹೆಂಡತಿಗೆ, ಅದೊಂದು ಬೆಳಗಿನ ಪೂಜೆಯಂತೆ. ಸಂಜೆ ನನ್ನ ಅಂಗಿ ಬೆವರು, ಎಣ್ಣೆ, ಚಹಾದ ಕಲೆಯಿಂದ ನಕಾಶೆಯಂತೆ ಕಾಣುತ್ತಿದ್ದರೆ ಅವರದರಲ್ಲಿ ಬೆಳಗಿನ ಮಡಿಕೆಯೇ ಉಳಿದಿರುತ್ತಿತ್ತು.

ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮ ಬಸ್ಸು ಬ್ಯಾಡಗಿ ಹೊಕ್ಕಿತೆಂದರೆ ಎಲ್ಲರಿಗೂ ಕೆಮ್ಮು ಏಳುತ್ತಿತ್ತು. ಚೀಲ ಏರಿಸಿ ಇಳಿಸುವ ಧೂಳು ಕಿಟಕಿಯಿಂದ ಒಳಗೆ ಬಂದು ಮೂಗು, ಗಂಟಲು ಕೆರೆಯುವುದು. ನಾನು ಟವೆಲ್ ಸುತ್ತಿಕೊಂಡು ಸ್ಟೇರಿಂಗ್ ತಿರುಗಿಸುತ್ತಿದ್ದೆ. ಅವರು ಮಾತ್ರ ಬಾಗಿಲಲ್ಲಿ ಎದೆ ಕೊಟ್ಟು ನಿಂತು, "ಬ್ಯಾಡಗಿ ಬ್ಯಾಡಗಿ! ಇಳಿಯವ್ರು ಇಳೀರಿ, ಕೆಮ್ಮವ್ರು ಕುಂತ ಕೆಮ್ರಿ, ಕೆಮ್ಮಿಗೆ ಟಿಕೆಟ್ ಇಲ್ಲ" ಎಂದು ಕೂಗುತ್ತಿದ್ದರು. ಅಷ್ಟು ವರ್ಷದಲ್ಲಿ ಅವರು ಆ ಘಾಟಿಗೆ ಕೆಮ್ಮಿದ್ದನ್ನು ನಾನು ನೋಡಲಿಲ್ಲ. ಅದೊಂದು ಅವರಿಗೆ ಹೆಮ್ಮೆ.

ಮಧ್ಯಾಹ್ನ ರಾಣೆಬೆನ್ನೂರು ಸ್ಟ್ಯಾಂಡಿನ ಹಿಂದಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಾನು ಗಬಗಬ ನುಂಗುವವನು. ಅವರು ಒಂದು ತುತ್ತು ಪೂರ್ತಿ ಇಳಿಯದೆ ಇನ್ನೊಂದು ಮುರಿಯುವವರಲ್ಲ. ಉಣ್ಣುವಾಗ ಮಾತಿಲ್ಲ. ನನ್ನ ಅವಸರ ಹೆಚ್ಚಾದರೆ ಡಬ್ಬಿಯ ಮುಚ್ಚಳದ ಮೇಲೆ ಉಂಗುರದಿಂದ ಒಂದು ಸಲ ಬಡಿಯುತ್ತಿದ್ದರು. ಬಸ್ಸಿನಲ್ಲಿ ಒಂದು ಬೆಲ್ ಅಂದರೆ ನಿಲ್ಲು, ಎರಡು ಅಂದರೆ ನಡಿ. ನಾನು ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ಬಡಿಯುವರು. ಆಮೇಲೆ ಮುಂದಿನ ತುತ್ತು.

ಅವರ ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಇರುವಾಗ ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಹಾಗೇ ಕುಸಿದರು. ಲಕ್ವಾ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದರು. ಕೈಗೆ ಬಲ ತಿರುಗಿ ಬಂತು, ಕಾಲೂ ಎಳೆದುಕೊಂಡು ನಡೆಯುವಷ್ಟು ಆಯಿತು, ಮಾತು ಒರಟಾಗಿಯಾದರೂ ಬಂತು. ನುಂಗುವುದೊಂದು ಬರಲಿಲ್ಲ. ಆಹಾರಕ್ಕೆಂದು ಮೂಗಿಗೆ ಹಾಕಿದ್ದ ನಳಿಗೆ ತೆಗೆದ ಮೇಲೂ ಗಂಟಲ ಒಂದು ಬದಿ ಮಲಗಿಯೇ ಇತ್ತು.

ಹಾವೇರಿಯಲ್ಲಿ ನುಂಗುವುದನ್ನು ಕಲಿಸುವ ಮೇಡಂ ಒಬ್ಬರಿದ್ದರು. ನಮ್ಮ ಮಕ್ಕಳ ವಯಸ್ಸಿನವರು. ಮೊದಲ ಸಲ ಅಣ್ಣನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನೂ ವೈನಿಯೂ ಜೊತೆಗಿದ್ದೆವು. ಆಕೆ ನಮ್ಮ ಮೂವರಿಗೂ ನಮ್ಮ ನಮ್ಮ ಗಂಟಲ ಮೇಲೆ ಬೆರಳಿಟ್ಟು ಉಗುಳು ನುಂಗಲು ಹೇಳಿದರು. ನನ್ನ ಬೆರಳಡಿ ಗಂಟು ಟಕ್ಕನೆ ಮೇಲೇರಿ ಇಳಿಯಿತು. ವೈನಿಯದು ಮೆಲ್ಲಗೆ. ಅಣ್ಣನದು ಏರಲು ಹೋಗಿ ಅರ್ಧಕ್ಕೇ ನಿಂತು ನಡುಗಿತು.

"ನುಂಗೂದಂದ್ರ ಕೆಳಗ ಬೀಳೂದಲ್ರಿ ಕಾಕಾರ, ಒತ್ತಿ ಕಳಸೂದು" ಎಂದು ಆಕೆ ಬಿಡಿಸಿ ಹೇಳಿದರು. "ನಾಲಿಗಿ ಹಿಂದಕ್ಕ ದಬ್ತೈತಿ, ಗಂಟಲ ಮ್ಯಾಲಿಂದ ಕೆಳಗ ಹಿಂಡ್ತೈತಿ, ಅಷ್ಟರಾಗ ಉಸಿರಿನ ದಾರಿ ಮುಚ್ಚಬೇಕು. ಈ ಒತ್ತು ಎಲ್ಲಾರಿಗೂ ಒಂದ ಥರ ಇರೂದಿಲ್ಲ. ವಯಸ್ಸಾದಂಗ ಗಂಟಲ ತಡಾ ಮಾಡ್ತೈತಿ. ತುತ್ತು ದೊಡ್ಡದಾದ್ರ ಬ್ಯಾರೆ, ಸಣ್ಣದಾದ್ರ ಬ್ಯಾರೆ. ಗಟ್ಟಿ ಇದ್ರ ಹೆಚ್ಚಿಗಿ ಒತ್ತಬೇಕು, ಆದ್ರ ಅದು ಸಾವಕಾಶ ಹೋಗ್ತೈತಿ. ನಿಮ್ಮ ಗಂಟಲಕ್ಕ ಸಾವಕಾಶ ಹೋಗೂದ ಬೇಕು."

"ಹಂಗಾದ್ರ ನೀರು?" ಎಂದರು ಅವರು.

"ನೀರಿಗೆ ಒತ್ತೂದ ಬ್ಯಾಡ. ಆದ್ರ ಅದಕ್ಕ ತಾಳ್ಮಿ ಇಲ್ಲ."

ಅವರು ನನ್ನ ಕಡೆ ತಿರುಗಿದರು. "ತಿಳೀತೇನೋ ಪೈಲಟ್? ಗಂಜಿ ಅಂದ್ರ ನಮ್ಮ ಲೋಕಲ್ ಬಸ್ಸು. ನೀರಂದ್ರ ಎಕ್ಸ್‌ಪ್ರೆಸ್. ನನ್ನ ಗೇಟು ಬೀಳೂದರಾಗ ಅದು ದಾಟಿ ಹೋಗೇಬಿಡ್ತೈತಿ."

ಮೇಡಂ ಬಾಯಿ ತುಂಬ ನಕ್ಕರು. ಅಷ್ಟು ಸರಳವಾಗಿ ಹೇಳಲು ತಮಗೂ ಬಂದಿರಲಿಲ್ಲ ಎಂದರು. ಆಮೇಲೆ ಪರೀಕ್ಷೆಗೆಂದು ಒಂದು ಚಮಚ ನೀರು ಬಾಯಿಗೆ ಹಾಕಿದರು. ಅವರು ನುಂಗಿದರು. ಕೆಮ್ಮಲಿಲ್ಲ. "ನೋಡ್ರಿ ಮೇಡಂ, ಬ್ಯಾಡಗಿ ಖಾರಕ್ಕ ಬಗ್ಗದ ಗಂಟಲ ಇದು" ಎಂದು ಹೆಮ್ಮೆಯಿಂದ ಹೇಳಿದರು. ಆ ಮಾತು ನೀರೊಳಗಿಂದ ಬಂದಂತೆ ಗುಳುಗುಳು ಕೇಳಿಸಿತು. ಮೇಡಂ ಮುಖದ ನಗೆ ಹೋಯಿತು.

"ಅದಕ್ಕ ನನಗ ಹೆದರಿಕಿ, ಕಾಕಾರ. ಕೆಮ್ಮು ಅಂದ್ರ ಕಾವಲುಗಾರ ಇದ್ದಂಗ. ನೀರು ತಪ್ಪು ದಾರಿ ಹಿಡದ್ರ ಅವನ ಕೂಗಬೇಕು. ನಿಮ್ಮ ಕಾವಲುಗಾರ ನಿದ್ದಿ ಮಾಡ್ಯಾನ. ನೀರು ಪುಪ್ಪುಸಕ್ಕ ಇಳಿದ್ರೂ ನಿಮಗ ಗೊತ್ತಾಗೂದಿಲ್ಲ."

ಅವತ್ತಿನಿಂದ ಅವರಿಗೆ ನೀರು ನಿಂತಿತು. ಎಲ್ಲವನ್ನೂ ಮಂದ ಮಾಡಿ ಕೊಡಬೇಕು. ನೀರಿಗೂ ಒಂದು ಪುಡಿ ಹಾಕಿ ಅಂಬಲಿಯಂತೆ ಮಾಡಿ ಚಮಚದಲ್ಲಿ ಕೊಡಬೇಕು. ಗದ್ದ ಎದೆಗೆ ಹಚ್ಚಿಕೊಂಡು ನುಂಗಬೇಕು, ಒಂದು ತುತ್ತಿಗೆ ಎರಡು ಸಲ ನುಂಗಬೇಕು. ತಲೆ ಮೇಲೆತ್ತಿ ಕುಡಿಯುವುದಂತೂ ಕೂಡದು, ಆಗ ಉಸಿರಿನ ದಾರಿ ಬಾಯಿ ತೆರೆದುಕೊಂಡೇ ಇರುತ್ತದೆ ಎಂದು ಮೇಡಂ ವೈನಿಗೆ ಎರಡೆರಡು ಸಲ ಹೇಳಿ ಕಳಿಸಿದರು.

ಮಂದ ಮಾಡಿದ ನೀರಿನ ಮೊದಲ ಚಮಚಕ್ಕೆ ಅವರು ಮುಖ ಕಿವುಚಿದರು. "ನನ್ನ ಅಂಗಿಗೆ ಹಾಕೂ ಗಂಜಿ ನೀರಿಗೂ ಹಾಕೀಯಲ್ಲ. ಇನ್ನ ಇಸ್ತ್ರಿ ಒಂದು ಮಾಡು" ಎಂದರು. ವೈನಿ ನಕ್ಕು ಒಳಗೆ ಹೋದರು. ಒಳಗೆ ಹೋಗಿ ಅತ್ತರು.

ಅವರನ್ನು ನೋಯಿಸಿದ್ದು ಬಾಯಾರಿಕೆಗಿಂತ ಬೇರೆ ಒಂದು. ಗದ್ದ ಬಗ್ಗಿಸಿದರೆ ಎತ್ತಿ ಕುಡಿಯಲು ಬರುವುದಿಲ್ಲ. ಚಮಚಕ್ಕೋ ಬಟ್ಟಲಿಗೋ ತುಟಿ ಹಚ್ಚಲೇಬೇಕು. ಆ ಬಟ್ಟಲನ್ನು ವೈನಿ ಬೇರೆಯಾಗಿ ತೊಳೆದು ಬೇರೆಯಾಗಿ ಬೋರಲು ಹಾಕುತ್ತಿದ್ದರು, ಅವರಿಗೆ ಸೋಂಕು ತಾಗದಿರಲಿ ಎಂದು. ಅವರು ಅದನ್ನು ನೋಡಿ, "ಊರಿಗೆಲ್ಲಾ ಒಂದ ಬಾಟ್ಲಿ ಇಟ್ಟವನ ಬಟ್ಲ ಬ್ಯಾರೆ ಆತು" ಎಂದರು. ಅದನ್ನು ತಮಾಷೆಯಾಗಿ ಹೇಳಲಿಲ್ಲ.

ಊರು ಸುಮ್ಮನಿರುವುದಿಲ್ಲ. ಬೇನೆ ಬಿದ್ದವರನ್ನು ನೋಡಲು ಬಂದವರು ಎಳನೀರು ತರುವುದು ನಮ್ಮ ಕಡೆ ರೂಢಿ. ಬಂದವರೆಲ್ಲ ಎಳನೀರು ತರುವರು, ವೈನಿ ಒಳಗಿಡುವರು. "ಗಂಡಗ ಒಂದ ಗುಟುಕ ನೀರ ಸೈತ ಕೊಡವಲ್ಲಳು" ಎಂಬ ಮಾತು ಓಣಿಯಲ್ಲಿ ಹುಟ್ಟಿತು. ಪಕ್ಕದ ಮನೆಯಾಕೆ ಮುಖಕ್ಕೇ ಕೇಳಿದಳಂತೆ: "ನೀರ ಕೇಳಿದವ್ರಿಗೆ ಇಲ್ಲ ಅಂದ್ರ ಯಾವ ಲೋಕ ಸಿಗ್ತೈತಿ, ಅಕ್ಕಾ?" ಅಂದಿನಿಂದ ವೈನಿ ಗಂಡನೆದುರು ನೀರು ಕುಡಿಯುವುದನ್ನೇ ಬಿಟ್ಟರು. ಬಾಯಾರಿದರೆ ಹಿತ್ತಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು ಬರುವರು.

"ಒಂದ ಸಲ ಎತ್ತಿ ಕುಡಿದು ಸಾಯ್ತೀನಿ, ಕೊಡಲೇ" ಎಂದು ಅವರು ಕೇಳುತ್ತಿದ್ದರು.

"ಸಾಯ್ತೀರಿ ಅಂತ ಗೊತ್ತಿದ್ದ ಮ್ಯಾಲ ಹೆಂಗ ಕೊಡ್ಲಿ?" ಎನ್ನುವರು ವೈನಿ. ಒಂದು ದಿನ ನನ್ನೆದುರೇ ಮಾತು ಕೊಟ್ಟರು: "ನಿಮ್ಮ ಕೆಮ್ಮು ತಿರುಗಿ ಬರ್ಲಿ. ಬಂದ ದಿನ ತಂಬಿಗಿ ತುಂಬಿ ನಾನ ಎತ್ತಿ ಕುಡಸ್ತೀನಿ."

ಅವರಿಗೆ ಅದು ಹಿಡಿಯಿತು. ಮರುದಿನವೇ ನನಗೆ ಅಪ್ಪಣೆ ಆಯಿತು: "ಪೈಲಟ್, ಬ್ಯಾಡಗಿಯಿಂದ ನಾಕ ಮೆಣಸಿನಕಾಯಿ ತಾ. ಘಾಟು ಇದ್ದದ್ದು ತಾ, ಬಣ್ಣದ್ದು ಬ್ಯಾಡ." ನಾನು ತಂದುಕೊಟ್ಟೆ. ಹಾಸಿಗೆಯಲ್ಲಿ ಎದ್ದು ಕುಳಿತು ಒಂದನ್ನು ಮುರಿದು, ಬೀಜ ಉದುರಿಸಿ, ಮೂಗಿನ ಹತ್ತಿರ ಹಿಡಿದು ಎಳೆದರು. ನನಗೆ ಕೆಮ್ಮು ಬಂತು. ವೈನಿ ಸೀನುತ್ತ ಅಡುಗೆಮನೆಗೆ ಓಡಿದರು. ಹೊಸ್ತಿಲ ಬಳಿ ಮಲಗಿದ್ದ ಬೆಕ್ಕು ಎದ್ದು ಹೋಯಿತು. ಅವರು ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು ನಮ್ಮನ್ನೇ ನೋಡುತ್ತ ಕುಳಿತಿದ್ದರು. ಕೆಮ್ಮು ಬರಲಿಲ್ಲ.

"ಬ್ಯಾರೆದವ್ರಿಗೆ ಕೊಟ್ಟು ಬಂದೀನಿ ಕಾಣ್ತೈತಿ ನನ್ನ ಕೆಮ್ಮು" ಎಂದರು.

ಅವರ ಅಕ್ಕ ಮೇಡ್ಲೇರಿಯಲ್ಲಿದ್ದರು, ಹೊಳೆಯ ದಂಡೆಯ ಊರು. ತಾಯಿ ಬೇಗ ಹೋದದ್ದರಿಂದ ಇವರನ್ನು ಎತ್ತಿ ಬೆಳೆಸಿದವರು ಅವರೇ. ತಮ್ಮನಿಗೆ ನೀರು ಕೊಡುತ್ತಿಲ್ಲ ಎಂಬ ಸುದ್ದಿ ಕೇಳಿ ಒಂದು ಮಧ್ಯಾಹ್ನ ರಾಣೆಬೆನ್ನೂರಿನ ತಮ್ಮನ ಮನೆಗೆ ಬಂದರು. ತಂಬಿಗೆಯಲ್ಲಿ ತುಂಗಭದ್ರೆಯ ನೀರು ತಂದಿದ್ದರು. ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ವೈನಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಾನು ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ನೋಡಿದರೆ ಅವರು ಹಾಸಿಗೆಯಲ್ಲಿ ಕುಳಿತು, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದಿದ್ದರು. ಮೇಲಿನಿಂದ ನೀರಿನ ಧಾರೆ ಬೀಳುತ್ತಿತ್ತು. ನನ್ನ ಕನ್ನಡಿಯಲ್ಲಿ ಕಾಣುತ್ತಿದ್ದ ಅದೇ ಚಿತ್ರ. ಒಂದು ಗಳಿಗೆ ಅವರಿಗೆ ಗುಣವಾಯಿತೆಂದೇ ತಿಳಿದು ನನ್ನ ಎದೆ ಹಿಗ್ಗಿತು.

ಅವರು ಕೆಮ್ಮಲಿಲ್ಲ. "ಆಹಾ" ಎಂದರು. ಆ ದನಿ ನೀರೊಳಗಿಂದ ಬಂತು.

"ಹೊಳಿ ನೀರೋ ತಮ್ಮಾ, ಹುಟ್ಟಿದಾಗಿಂದ ಕುಡದದ್ದು. ಅದೇನ ಮಾಡ್ತೈತಿ?" ಎಂದು ಅಕ್ಕ ನನ್ನ ಮುಖ ನೋಡಿದರು. ನನ್ನ ಮುಖ ನೋಡಿ ಕೈಯ ತಂಬಿಗೆಯನ್ನು ಕೆಳಗಿಟ್ಟರು.

ಜ್ವರ ಬಂತು. ಪುಪ್ಪುಸಕ್ಕೆ ನೀರು ಇಳಿದಿದೆ ಎಂದರು ಡಾಕ್ಟರು. ಮತ್ತೆ ಹುಬ್ಬಳ್ಳಿ, ಮತ್ತೆ ಮೂಗಿನಲ್ಲಿ ನಳಿಗೆ. ಅಕ್ಕ ವಾರ್ಡಿನ ಹೊರಗೆ ನೆಲದ ಮೇಲೆ ಕುಳಿತೇ ಇದ್ದರು. ವೈನಿ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತೇನೋ. ಪ್ರಜ್ಞೆ ಸರಿಯಾದ ಮೇಲೆ ಅವರು ಮೊದಲು ಅಕ್ಕನನ್ನೇ ಕರೆಸಿದರು. ಕೈ ಹಿಡಿದುಕೊಂಡು ಕಷ್ಟಪಟ್ಟು ಹೇಳಿದರು: "ಅಕ್ಕಾ, ಎಂಥಾ ಚಲೋ ನೀರಬೇ ಅದು. ಅಷ್ಟು ಚಲೋ ನೀರ ನಾ ಎಂದೂ ಕುಡದಿಲ್ಲ."

ಅಕ್ಕನಿಗೆ ಅದು ಸಮಾಧಾನ ಆಗಲಿಲ್ಲ. ಆಮೇಲೆ ತಮ್ಮನ ಮನೆಗೆ ಬಂದಾಗಲೆಲ್ಲ ದೂರದಲ್ಲಿ, ಬಾಗಿಲ ಬಳಿ ಕೂರುತ್ತಿದ್ದರು. ಆ ಮನೆಯ ಕೊಡ, ತಂಬಿಗೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ತಮಗೆ ಬಾಯಾರಿದರೂ ಪಕ್ಕದ ಮನೆಗೆ ಹೋಗಿ ಕೇಳಿ ಕುಡಿದು ಬರುತ್ತಿದ್ದರು.

ಆ ಸಲ ನಳಿಗೆ ತೆಗೆಸಿಕೊಂಡು ಅವರು ಮನೆಗೆ ಬಂದದ್ದು ಅರ್ಧ ಮನುಷ್ಯರಾಗಿ. ನಾನು ಡ್ಯೂಟಿ ಇಳಿದ ಮೇಲೆ ಅವರ ಮನೆಗೆ ಹೋಗಿ ಸಂಜೆಯ ಗಂಜಿ ಕುಡಿಸುತ್ತಿದ್ದೆ, ವೈನಿಗೆ ಅಷ್ಟಾದರೂ ಬಿಡುವು ಸಿಗಲಿ ಎಂದು. ಎಡಗೈ ಅವರ ತಲೆಯ ಹಿಂದೆ, ಬಲಗೈಯಲ್ಲಿ ಚಮಚ. "ಗದ್ದ ಕೆಳಗ, ಅಣ್ಣಾ" ಎನ್ನುತ್ತಿದ್ದೆ. ತಲೆ ಹಿಂದಕ್ಕೆ ಚೆಲ್ಲುವ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ನನ್ನ ಕೈ ಮೆಲ್ಲಗೆ ಮುಂದಕ್ಕೆ ದಬ್ಬಬೇಕಾಗುತ್ತಿತ್ತು.

"ಯಾವ ಸಾಹೇಬಗೂ ಬಗ್ಗಿಸಿದ ತಲಿ ಅಲ್ಲ ಇದು. ಚಮಚ ಗಂಜಿಗೆ ಬಗ್ಗಸ್ತಿ ನೋಡು" ಎನ್ನುತ್ತಿದ್ದರು.

ನುಂಗುವಾಗ ಮಾತಾಡಬಾರದಲ್ಲ, ಹಳೆಯ ಬೆಲ್ ಮತ್ತೆ ಬಂತು. ಮಂಚದ ಪಟ್ಟಿಯ ಮೇಲೆ ಉಂಗುರದಿಂದ ಒಂದು ಸಲ ಬಡಿದರೆ ನಾನು ಚಮಚ ಹಿಡಿದು ಕಾಯಬೇಕು. ಅವರ ಗಂಟಲ ಗಂಟು ಏರಲು ಹೋಗಿ, ತಡವರಿಸಿ, ಹೇಗೋ ಏರಿ ಇಳಿಯುವುದು. ಇನ್ನೊಮ್ಮೆ ನುಂಗುವರು. ಆಮೇಲೆ ಎರಡು ಸಲ ಬಡಿಯುವರು. ಒಂದು ಸಣ್ಣ ಬಟ್ಟಲು ಗಂಜಿ ಮುಗಿಯುವಷ್ಟರಲ್ಲಿ ಹೊರಗೆ ದೀಪ ಹತ್ತಿರುತ್ತಿದ್ದವು. ಉಂಗುರ ಬೆರಳಿಗೆ ಸಡಿಲಾದಾಗ ವೈನಿ ಅದಕ್ಕೆ ದಾರ ಸುತ್ತಿಕೊಟ್ಟರು. ಒಂದು ತುತ್ತು ಒಳಗೆ ಹೋಗಲು ಎಷ್ಟು ಕೆಲಸ ಇದೆ ಎಂಬುದು ನನಗೆ ಆಗ ತಿಳಿಯಿತು. ಬೇವಿನ ಗಿಡದ ಕೆಳಗೆ ನಾನು ಗಬಗಬ ನುಂಗಿದ ರೊಟ್ಟಿಗಳೆಲ್ಲ ಆಗ ನೆನಪಾಗುತ್ತಿದ್ದವು.

ಹೀಗಿರುವಾಗ ಒಂದು ಸಂಜೆ, ಗಂಜಿಯ ನಡುವೆ, ಅವರು ಕೆಮ್ಮಿದರು.

ಸಣ್ಣ ಕೆಮ್ಮು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ಬೆರಳೆತ್ತಿ ವೈನಿಯ ಕಡೆ ತೋರಿಸಿದರು, ಮಾತು ನೆನಪಿದೆಯೇ ಎನ್ನುವಂತೆ. ವೈನಿ ಎದ್ದು ಹೋಗಿ ತಂಬಿಗೆ ತೊಳೆದು ನೀರು ತುಂಬಿ ತಂದರು. ತಂದವರು ಹಾಸಿಗೆಯ ಪಕ್ಕದಲ್ಲಿ ನಿಂತೇ ಇದ್ದರು. ಕೈ ಎತ್ತಲಾಗಲಿಲ್ಲ.

"ಒಮ್ಮೆ ಮೇಡಂಗ ತೋರಸೂಣ್ರಿ. ಹೂಂ ಅಂದ್ಕೂಡ್ಲೇ ಕುಡಸ್ತೀನಿ. ಇಷ್ಟು ದಿನ ತಡದೀರಿ" ಎಂದರು.

ಅವರು ತಂಬಿಗೆಯನ್ನು ನೋಡಿದರು, ವೈನಿಯನ್ನು ನೋಡಿದರು. "ಆತು ಬಿಡು. ಮುಂದಿನ ಸ್ಟಾಪಿಗೆ ಕುಡದ್ರಾತು" ಎಂದರು. ವೈನಿ ತಂಬಿಗೆಗೆ ತಟ್ಟೆ ಮುಚ್ಚಿ ಗೋಡೆಯ ಗೂಡಿನಲ್ಲಿಟ್ಟರು.

ಅದು ತಿರುಗಿ ಬಂದ ಕೆಮ್ಮೋ, ಬರಲಿದ್ದ ಜ್ವರದ ಕೆಮ್ಮೋ, ನಮಗೆ ತಿಳಿಯಲಿಲ್ಲ. ಹಾವೇರಿಗೆ ಹೋಗುವ ಮೊದಲೇ ಜ್ವರ ಏರಿತು. ಈ ಸಲ ಆಸ್ಪತ್ರೆಯವರೇ ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಬೆಳಿಗ್ಗೆ, ವೈನಿ ಅವರ ಹಣೆ ಒರೆಸುತ್ತಿದ್ದಾಗ, ಉಸಿರು ನಿಂತಿತು.

ಸುದ್ದಿ ತಿಳಿದು ನಾನು ಹೋದಾಗ ಪಡಸಾಲೆಯಲ್ಲಿ ಮಲಗಿಸಿದ್ದರು. ವೈನಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದ್ದರು, ಮಡಿಕೆ ಹಾಗೇ ನಿಂತಿತ್ತು. ಬಾಯಿಗೆ ನೀರು ಬಿಡಲು ಜನ ಸಾಲಾಗಿ ಬರುತ್ತಿದ್ದರು. ಬಿಡುವವರು ಚಮಚದಲ್ಲಿ ಇಷ್ಟಿಷ್ಟೇ ತುಟಿಗೆ ಸವರಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಅಕ್ಕ ಅದೇ ಬಾಗಿಲ ಬಳಿ, ಗೋಡೆಗೆ ಒರಗಿ ಕುಳಿತಿದ್ದರು. ಎಲ್ಲರೂ ಕರೆದರೂ ಏಳಲಿಲ್ಲ. "ನನ್ನ ಕೈಯಾಗಿನ ನೀರ ಬ್ಯಾಡ" ಎನ್ನುತ್ತಿದ್ದರು.

ನನ್ನ ಸರದಿ ಬಂತು. ಚಮಚ ಹಿಡಿದು ಕುಳಿತೆ. ನನ್ನ ಎಡಗೈ ತಾನಾಗಿಯೇ ಅವರ ತಲೆಯ ಹಿಂದೆ ಹೋಯಿತು. ಮೆಲ್ಲಗೆ ಮುಂದಕ್ಕೆ ದಬ್ಬಿದೆ. "ಗದ್ದ ಕೆಳಗ, ಅಣ್ಣಾ" ಎಂದೆ. ದೊಡ್ಡದಾಗಿಯೇ ಎಂದಿರಬೇಕು, ಸುತ್ತಲಿದ್ದವರು ನನ್ನ ಕಡೆ ತಿರುಗಿದರು.

ವೈನಿ ನನ್ನ ಕೈಯ ಮೇಲೆ ಕೈ ಇಟ್ಟರು.

"ಬಿಡೋ ತಮ್ಮಾ" ಎಂದರು. "ಇನ್ನೇನ ಭಯ ಐತಿ? ಇನ್ನ ಎತ್ತಿ ಕುಡೀಲಿ."

ನಾನು ಕೈ ತೆಗೆದೆ. ಅವರ ತಲೆ ತಾನಾಗಿಯೇ ಹಿಂದಕ್ಕೆ ವಾಲಿತು, ಬಾಯಿ ಸ್ವಲ್ಪ ತೆರೆಯಿತು.

ವೈನಿ ಎದ್ದು ಗೂಡಿನಿಂದ ಆ ತಂಬಿಗೆ ತಂದರು. ಮೇಲಿನ ತಟ್ಟೆ ತೆಗೆದರು. ಬಾಗಿಲ ಬಳಿ ಹೋಗಿ ಅಕ್ಕನ ಎರಡೂ ಕೈ ಬಿಡಿಸಿ ಅದರಲ್ಲಿ ತಂಬಿಗೆ ಇಟ್ಟರು. "ಮಾತು ಕೊಟ್ಟಾಕಿ ನಾನು. ನನ್ನ ಕೈ ಏಳವಲ್ದು. ನೀವ ಬಿಡ್ರಿ ಅಕ್ಕಾ. ಅವತ್ತು ಬಿಟ್ರಲ್ಲ, ಹಂಗ ಬಿಡ್ರಿ."

ಅಕ್ಕ ಬಂದು ತಮ್ಮನ ತಲೆಯ ಬಳಿ ಕುಳಿತರು. ತಂಬಿಗೆಯನ್ನು ತುಟಿಗೆ ತಾಗಿಸದೆ, ಗೇಣು ಎತ್ತರದಿಂದ, ಸಣ್ಣ ಧಾರೆ ಬಿಟ್ಟರು. ನೀರು ಬಾಯಿ ತುಂಬಿ, ತುಟಿಯ ಅಂಚಿನಿಂದ ಇಳಿದು, ಕೊರಳ ಮೇಲೆ ಹರಿದು, ಇಸ್ತ್ರಿ ಮಾಡಿದ ಅಂಗಿಯ ಎದೆಯನ್ನೆಲ್ಲ ತೋಯಿಸಿತು.

ಒರೆಸಲು ಯಾರೂ ಕೈ ಮುಂದೆ ಮಾಡಲಿಲ್ಲ.